ನಿಲ್ದಾಣದ ವೈಫೈ, ಲಾಡ್ಜಿನ ವೈಫೈ, ಜೇಬಿನ ಹಾಟ್‌ಸ್ಪಾಟ್: ಯಾವ ಕೆಲಸಕ್ಕೆ ಯಾವುದು?

ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ತಡವಾದ ಗಾಡಿಗಾಗಿ ಕಾಯುತ್ತಾ ಮೊಬೈಲಿನ ವೈಫೈ ತೆರೆದರೆ ನಾಲ್ಕೈದು ಹೆಸರುಗಳು ಸಾಲಾಗಿ ಮೂಡುತ್ತವೆ. ಒಂದು ರೈಲ್ವೆಯದು, ಒಂದು ಪಕ್ಕದ ಬೆಂಚಿನ ಪ್ರಯಾಣಿಕರ ಫೋನಿನದು, ಒಂದೆರಡು ಹೊರಗಿನ ಅಂಗಡಿಗಳವು, ಇನ್ನೊಂದು ಯಾರದೆಂದು ಹೇಳಲು ಬಾರದ್ದು. ಅಷ್ಟರಲ್ಲಿ ದಿನದ ಡೇಟಾ ಮುಗಿಯಿತೆಂಬ ಸಂದೇಶವೂ ಬಂದಿರುತ್ತದೆ. ಆ ಪಟ್ಟಿಯಲ್ಲಿ ಯಾವುದರ ಮೇಲೆ ಬೆರಳಿಡಬಹುದು, ಯಾವ ಕೆಲಸಕ್ಕೆ ಇಡಬಹುದು, ಯಾವ ಕೆಲಸಕ್ಕೆ ಯಾವುದರ ಮೇಲೂ ಇಡದೆ ಒಂದು ಸಣ್ಣ ರೀಚಾರ್ಜ್ ಮಾಡಿಸಿಕೊಳ್ಳುವುದೇ ಲೇಸು ಎಂಬುದನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ.

2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದ ಕಡೆ ‘ನಮ್ಮ ವೈಫೈ’ ಎಂಬ ಉಚಿತ ಸೇವೆ ಆರಂಭವಾದಾಗ ಇದ್ದ ಉತ್ಸಾಹ ಈಗ ಯಾರಲ್ಲೂ ಕಾಣದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಎಷ್ಟು ಅಗ್ಗವಾಯಿತೆಂದರೆ, ಸಾರ್ವಜನಿಕ ವೈಫೈ ಹುಡುಕಿಕೊಂಡು ಹೋಗುವ ಅಗತ್ಯವೇ ಬಹಳ ಮಂದಿಗೆ ಇಲ್ಲವಾಯಿತು. ಆದರೂ ಅಗತ್ಯ ಪೂರ್ತಿಯಾಗಿ ಹೋಗಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಿಗ್ನಲ್ ಇರುವುದಿಲ್ಲ. ಮಲೆನಾಡಿನ ಹೋಂಸ್ಟೇಗಳಲ್ಲಿ ಅಂಗಳದ ಒಂದು ಮೂಲೆಗೆ ಹೋಗಿ ನಿಂತರೆ ಮಾತ್ರ ಕರೆ ಬರುತ್ತದೆ. ಲ್ಯಾಪ್‌ಟಾಪಿಗೆ ಒಂದು ಅಪ್‌ಡೇಟ್ ಬಂದರೆ ದಿನದ ಒಂದೂವರೆ ಜಿಬಿ ಒಂದೇ ಗುಟುಕಿಗೆ ಮುಗಿಯುತ್ತದೆ. ವಿದೇಶಕ್ಕೆ ಹೋದವರಿಗೆ ರೋಮಿಂಗ್ ಶುಲ್ಕದ ಭಯ ಬೇರೆ. ಹೀಗಾಗಿ ಪ್ರಶ್ನೆ ಉಳಿದೇ ಇದೆ.

ಅಪಾಯ ಎಲ್ಲಿಂದ ಎಲ್ಲಿಗೆ ಸರಿದಿದೆ

ಆಯ್ಕೆಗಳನ್ನು ಹೋಲಿಸುವ ಮೊದಲು ಅಳತೆಗೋಲನ್ನು ಸರಿಮಾಡಿಕೊಳ್ಳಬೇಕು, ಏಕೆಂದರೆ ಸಾರ್ವಜನಿಕ ವೈಫೈ ಕುರಿತು ನಾವು ಕೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಹದಿನೈದು ವರ್ಷ ಹಳೆಯವು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ಪ್ರೋಗ್ರಾಮರ್ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಫೈರ್‌ಫಾಕ್ಸ್ ಬ್ರೌಸರಿಗೆ ಅದನ್ನು ಜೋಡಿಸಿಕೊಂಡು ಕಾಫಿ ಅಂಗಡಿಯ ಬೀಗವಿಲ್ಲದ ವೈಫೈಗೆ ಸೇರಿದರೆ, ಅದೇ ಅಂಗಡಿಯಲ್ಲಿ ಕುಳಿತ ಇತರರ ಹೆಸರು, ಚಿತ್ರಗಳು ಪರದೆಯ ಪಕ್ಕದಲ್ಲಿ ಮೂಡುತ್ತಿದ್ದವು. ಒಂದು ಹೆಸರಿನ ಮೇಲೆ ಒತ್ತಿದರೆ ಅವರ ಫೇಸ್‌ಬುಕ್ ಖಾತೆ ತೆರೆದುಕೊಳ್ಳುತ್ತಿತ್ತು. ಅಂದಿನ ಜಾಲತಾಣಗಳು ಪಾಸ್‌ವರ್ಡ್ ಪಡೆಯುವ ಪುಟವನ್ನು ಮಾತ್ರ ಗೂಢಲಿಪಿಯಲ್ಲಿ ಕಳಿಸಿ, ಉಳಿದುದನ್ನೆಲ್ಲ ಅಂಚೆ ಕಾರ್ಡಿನಂತೆ ತೆರೆದೇ ಕಳಿಸುತ್ತಿದ್ದುದು ಇದಕ್ಕೆ ಕಾರಣ. ಈ ದೋಷವನ್ನು ಕಂಪನಿಗಳ ಕಣ್ಣಿಗೆ ಕಟ್ಟುವಂತೆ ತೋರಿಸುವುದೇ ತಮ್ಮ ಉದ್ದೇಶವೆಂದು ಬಟ್ಲರ್ ಹೇಳಿದ್ದರು, ಮತ್ತು ಆ ಉದ್ದೇಶ ಬಹುಮಟ್ಟಿಗೆ ಈಡೇರಿತು.

ಜಾಲತಾಣದ ವಿಳಾಸ ಎಚ್‌ಟಿಟಿಪಿಎಸ್ ಎಂದು ಆರಂಭವಾದರೆ ನಮ್ಮ ಫೋನಿಗೂ ಆ ತಾಣದ ಸರ್ವರಿಗೂ ನಡುವೆ ಹರಿಯುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. 2015ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಇದಕ್ಕೆ ಬೇಕಾದ, ತಾಣದ ಗುರುತು ತೋರಿಸುವ ಡಿಜಿಟಲ್ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡತೊಡಗಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಈ ರಕ್ಷಣೆಯಿಲ್ಲದ ತಾಣಗಳ ಮೇಲೆ ‘ಸುರಕ್ಷಿತವಲ್ಲ’ ಎಂಬ ಮುದ್ರೆ ಒತ್ತತೊಡಗಿತು. ಬ್ಯಾಂಕಿನ ಆ್ಯಪ್, ಯುಪಿಐ, ವಾಟ್ಸ್‌ಆ್ಯಪ್, ಜಿಮೇಲ್ ಎಲ್ಲವೂ ಇಂದು ಗೂಢಲಿಪಿಯಲ್ಲೇ ಸಾಗುತ್ತವೆ. ಅಮೆರಿಕದ ಗ್ರಾಹಕ ಹಿತರಕ್ಷಣೆಯ ಸರಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಸಹ ತನ್ನ ಹಳೆಯ ಎಚ್ಚರಿಕೆಯನ್ನು ತಿದ್ದಿ, ಸಾರ್ವಜನಿಕ ವೈಫೈ ಸಾಮಾನ್ಯವಾಗಿ ಸುರಕ್ಷಿತ ಎಂದು ಈಗ ಹೇಳುತ್ತಿದೆ. ನಮ್ಮಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆಯಾದ ಸರ್ಟ್-ಇನ್ ಹಣದ ವ್ಯವಹಾರಕ್ಕೆ ಸಾರ್ವಜನಿಕ ವೈಫೈ ಬಳಸಬೇಡಿ ಎಂಬ ಸಲಹೆಯನ್ನು ಇಂದಿಗೂ ಕೊಡುತ್ತದೆ. ಎರಡೂ ತಪ್ಪಲ್ಲ. ಮೊದಲನೆಯದು ಗಾಳಿಯಲ್ಲಿ ಹಾದುಹೋಗುವ ಮಾಹಿತಿಯ ಕುರಿತದ್ದು. ಎರಡನೆಯದು ಬಳಸುವವನ ಕುರಿತದ್ದು.

ಹಾಗಾದರೆ ಉಳಿದಿರುವುದೇನು? ನೀವು ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಡೇಟಾ ತರಿಸಿದಿರಿ ಎಂಬುದು ವೈಫೈ ನಡೆಸುವವರಿಗೆ ಬಹುಮಟ್ಟಿಗೆ ಕಾಣುತ್ತದೆ, ಅಲ್ಲಿ ಏನನ್ನು ಓದಿದಿರಿ, ಬರೆದಿರಿ ಎಂಬುದು ಕಾಣುವುದಿಲ್ಲ. ಇದು ಸಣ್ಣ ಅಪಾಯ. ದೊಡ್ಡದು ಬಾಗಿಲಲ್ಲಿದೆ: ನೀವು ಸೇರಿದ ವೈಫೈ ನಿಜಕ್ಕೂ ಅದರ ಹೆಸರು ಹೇಳುವವರದೇ ಎಂಬುದು, ಮತ್ತು ಸೇರಿದೊಡನೆ ತೆರೆದುಕೊಳ್ಳುವ ಲಾಗಿನ್ ಪುಟ ನಿಮ್ಮಿಂದ ಏನನ್ನು ಕೇಳುತ್ತದೆ ಎಂಬುದು. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ತೂಗುವುದು ಮುಖ್ಯವಾಗಿ ಈ ಎರಡು ಪ್ರಶ್ನೆಗಳಿಂದ.

ಸ್ವಂತ ಮೊಬೈಲ್ ಡೇಟಾ ಮತ್ತು ಹಾಟ್‌ಸ್ಪಾಟ್

ಹೋಲಿಕೆಯಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಲು ಯೋಚಿಸಬೇಕಾಗಿಲ್ಲ. 3ಜಿ ಮತ್ತು ಅದರ ನಂತರದ ಜಾಲಗಳಲ್ಲಿ ಸಿಮ್ ಕಾರ್ಡ್ ತನ್ನನ್ನು ಟವರಿಗೆ ಪರಿಚಯಿಸಿಕೊಳ್ಳುವಂತೆ, ಟವರ್ ಕೂಡ ತಾನು ಅಸಲಿ ಎಂಬುದನ್ನು ಸಿಮ್‌ಗೆ ತೋರಿಸಬೇಕಾಗುತ್ತದೆ. 2ಜಿಯಲ್ಲಿ ಈ ಎರಡನೆಯ ಪರೀಕ್ಷೆ ಇಲ್ಲ. ನಕಲಿ ಟವರುಗಳಿಂದ ಮೋಸದ ಎಸ್‌ಎಂಎಸ್ ಕಳಿಸುವವರು ಫೋನುಗಳನ್ನು 2ಜಿಗೆ ಇಳಿಸಿಕೊಳ್ಳುವುದು ಇದೇ ಕಾರಣಕ್ಕೆ. ಆಂಡ್ರಾಯ್ಡ್ 12ರಿಂದ ಈಚೆಗೆ ಹಲವು ಫೋನುಗಳಲ್ಲಿ 2ಜಿಯನ್ನು ನಿಲ್ಲಿಸುವ ಗುಂಡಿ ಇದೆ. ಪಟ್ಟಣದಲ್ಲಿರುವವರು ಅದನ್ನು ನಿಲ್ಲಿಸಬಹುದು, ಆದರೆ ಕಾಡಂಚಿನ ಊರುಗಳಲ್ಲಿ ಕರೆಗೆ 2ಜಿಯನ್ನೇ ನೆಚ್ಚಿರುವವರು ಆ ಗುಂಡಿಯ ತಂಟೆಗೆ ಹೋಗದಿರುವುದು ಒಳ್ಳೆಯದು.

ಫೋನಿನ ಡೇಟಾವನ್ನು ಲ್ಯಾಪ್‌ಟಾಪಿಗೆ ಕೊಡಲು ಹಾಟ್‌ಸ್ಪಾಟ್ ತೆರೆಯುವವರು ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು ಹೆಸರು. ಬಹಳಷ್ಟು ಫೋನುಗಳು ಒಡೆಯರ ಹೆಸರನ್ನೋ ಫೋನಿನ ಮಾದರಿಯನ್ನೋ ಹಾಟ್‌ಸ್ಪಾಟಿಗೆ ಇಡುತ್ತವೆ. ಹೀಗೆ ಬೋಗಿಯಲ್ಲಿ ಒಂಟಿಯಾಗಿ ಪ್ರಯಾಣಿಸುವ ಹೆಣ್ಣುಮಗಳ ಹೆಸರು ಇಡೀ ಬೋಗಿಗೆ ತಿಳಿಯುವುದು ಅನಗತ್ಯ. ಎರಡನೆಯದು ಪಾಸ್‌ವರ್ಡ್. ಒಂದರಿಂದ ಎಂಟರವರೆಗಿನ ಅಂಕಿಗಳೂ ಸ್ವಂತ ಮೊಬೈಲ್ ಸಂಖ್ಯೆಯೂ ಪಾಸ್‌ವರ್ಡ್ ಆಗಲಾರವು. ಯುಎಸ್‌ಬಿ ಕೇಬಲ್ ಕೈಯಲ್ಲಿದ್ದರೆ ಹಾಟ್‌ಸ್ಪಾಟ್ ತೆರೆಯದೆ ಕೇಬಲ್ ಮೂಲಕವೇ ಡೇಟಾ ಹಂಚಿಕೊಳ್ಳುವುದು ಇನ್ನೂ ಉತ್ತಮ: ಗಾಳಿಗೆ ಏನೂ ಹೋಗುವುದಿಲ್ಲ, ಬ್ಯಾಟರಿಯೂ ಇಳಿಯುವುದಿಲ್ಲ. ಜೊತೆಯಲ್ಲಿರುವ ಮನೆಯವರ ಫೋನಿನ ಹಾಟ್‌ಸ್ಪಾಟ್ ಕೂಡ ಇದೇ ದರ್ಜೆಗೆ ಸೇರುತ್ತದೆ. ಪಕ್ಕದ ಸೀಟಿನ ಸಂಭಾವಿತರು ‘ಬೇಕಾದರೆ ನನ್ನದನ್ನು ಹಾಕಿಕೊಳ್ಳಿ’ ಎಂದರೆ ಅದು ಸೇರುವುದಿಲ್ಲ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ.

ಕೊರತೆಯೆಂದರೆ ಪ್ರಮಾಣ. ದೊಡ್ಡ ಕಡತಗಳಿಗೆ, ಸಿನಿಮಾ ಇಳಿಸಿಕೊಳ್ಳುವುದಕ್ಕೆ ಇದು ಸಾಲದು. ಸಾರ್ವಜನಿಕ ವೈಫೈಯ ನ್ಯಾಯವಾದ ಉಪಯೋಗ ಇರುವುದು ಅಲ್ಲೇ.

ರೈಲು ನಿಲ್ದಾಣದ ವೈಫೈ

2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ಆರಂಭವಾದ ಈ ಸೇವೆಯನ್ನು ಮೊದಲು ರೈಲ್‌ಟೆಲ್ ಮತ್ತು ಗೂಗಲ್ ಸೇರಿ ನಡೆಸುತ್ತಿದ್ದವು. 2020ರಲ್ಲಿ ಗೂಗಲ್ ಹಿಂದೆ ಸರಿದ ಮೇಲೆ ರೈಲ್ವೆಯ ಸ್ವಂತ ಸಂಸ್ಥೆಯಾದ ರೈಲ್‌ಟೆಲ್ ‘ರೈಲ್‌ವೈರ್’ ಎಂಬ ಹೆಸರಿನಲ್ಲಿ ಮುಂದುವರಿಸಿತು. ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಇದು ಸಿಗುತ್ತದೆ. ದಿನಕ್ಕೆ ಮೊದಲ 30 ನಿಮಿಷ 1 ಎಂಬಿಪಿಎಸ್ ವೇಗದಲ್ಲಿ ಉಚಿತ, ಹೆಚ್ಚಿನ ವೇಗಕ್ಕೆ ಸಣ್ಣ ಮೊತ್ತದ ಪ್ಲಾನುಗಳಿವೆ. ಸಿಗ್ನಲ್ ನೀವು ನಿಂತ ಜಾಗವನ್ನು ಅವಲಂಬಿಸಿರುತ್ತದೆ. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಸಿಗ್ನಲಿಗೆ ಆಸೆಪಡುವುದು ವ್ಯರ್ಥ.

ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಓಟಿಪಿ ಹಾಕಿದರೆ ಸಂಪರ್ಕ ಸಿಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಓಟಿಪಿ ಕೇಳುತ್ತಾರೆಂದರೆ ಭದ್ರವಾಗಿರಲೇಬೇಕು ಎಂಬುದು. 2008ರಲ್ಲಿ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ನವಿ ಮುಂಬಯಿಯ ಒಂದು ಮನೆಯ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ಅದಾದ ಮರುವರ್ಷ ದೂರಸಂಪರ್ಕ ಇಲಾಖೆ ಸಾರ್ವಜನಿಕ ವೈಫೈ ಬಳಸುವವರನ್ನು ಗುರುತಿಸಿ ದಾಖಲೆ ಇಡಬೇಕೆಂದು ನಿರ್ದೇಶಿಸಿತು. ಓಟಿಪಿ ಆ ದಾಖಲೆಗಾಗಿ ಇರುವಂಥದ್ದು. ಅದು ನೀವು ಯಾರೆಂಬುದನ್ನು ವೈಫೈ ನಡೆಸುವವರಿಗೆ ಹೇಳುತ್ತದೆಯೇ ಹೊರತು, ವೈಫೈ ಯಾರದೆಂಬುದನ್ನು ನಿಮಗೆ ಹೇಳುವುದಿಲ್ಲ. ಗಾಳಿಯಲ್ಲಿ ಹೋಗುವ ಮಾಹಿತಿಗೆ ಗೂಢಲಿಪಿಯ ಹೊದಿಕೆಯನ್ನೂ ಹಾಕುವುದಿಲ್ಲ.

ಆದ್ದರಿಂದ ಸಂಖ್ಯೆ ಮತ್ತು ಓಟಿಪಿ ಇವೆರಡರಾಚೆಗೆ ಪುಟ ಏನನ್ನಾದರೂ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಜಿಮೇಲ್ ಪಾಸ್‌ವರ್ಡ್, ಆಧಾರ್ ಸಂಖ್ಯೆ, ಕಾರ್ಡಿನ ಹಿಂಬದಿಯ ಮೂರಂಕಿ ಇವುಗಳಿಗೂ ಉಚಿತ ವೈಫೈಗೂ ಯಾವ ಸಂಬಂಧವೂ ಇಲ್ಲ. ಬಂದ ಎಸ್‌ಎಂಎಸ್ ಅನ್ನು ಪೂರ್ತಿ ಓದುವುದೂ ಅಷ್ಟೇ ಮುಖ್ಯ: ಅದರಲ್ಲಿ ವೈಫೈಯ ಮಾತಿಲ್ಲದೆ ಬ್ಯಾಂಕಿನದೋ ವಾಟ್ಸ್‌ಆ್ಯಪಿನದೋ ಹೆಸರಿದ್ದರೆ, ನಿಮ್ಮ ಸಂಖ್ಯೆ ಬಳಸಿ ಯಾರೋ ಬೇರೆಡೆ ಲಾಗಿನ್ ಆಗಲು ಯತ್ನಿಸುತ್ತಿದ್ದಾರೆ ಎಂದರ್ಥ. ಪ್ಲಾನ್ ಕೊಳ್ಳುವುದಿದ್ದರೆ ಹಣವನ್ನು ಫೋನಿನ ಯುಪಿಐ ಆ್ಯಪಿನಿಂದಲೇ ಕೊಡುವುದು, ಕಾರ್ಡಿನ ವಿವರಗಳನ್ನು ಆ ಪುಟದಲ್ಲಿ ತುಂಬದಿರುವುದು ಜಾಣತನ.

ಪಿಎಂ-ವಾಣಿ

ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟ ಈ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಚಹಾದ ಅಂಗಡಿಯವರೂ ಪರವಾನಗಿಯ ಗೋಜಿಲ್ಲದೆ ವೈಫೈ ಮಾರಬಹುದು. ಅಂಗಡಿಯವರ ಮೇಲೆ ಅವರನ್ನು ಒಟ್ಟುಗೂಡಿಸುವ ಸಂಸ್ಥೆ, ಬಳಕೆದಾರರನ್ನು ಗುರುತಿಸುವ ಆ್ಯಪ್, ಎಲ್ಲರ ವಿವರ ಇರುವ, ಸರಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ ಕೇಂದ್ರ ನೋಂದಣಿ ಎಂದು ಮೇಲ್ವಿಚಾರಣೆಯ ಕೊಂಡಿಗಳಿವೆ. ಬಾಗಿಲಿನ ಪ್ರಶ್ನೆಗೆ ಇದು ನಿಲ್ದಾಣದ ವೈಫೈಗಿಂತ ಉತ್ತಮ ಉತ್ತರ ಕೊಡುತ್ತದೆ, ಏಕೆಂದರೆ ಒಮ್ಮೆ ಆ್ಯಪಿನಲ್ಲಿ ನೋಂದಾಯಿಸಿಕೊಂಡವರು ಪ್ರತಿ ಅಂಗಡಿಯಲ್ಲೂ ಹೊಸ ಪುಟಕ್ಕೆ ಸಂಖ್ಯೆ ಕೊಡಬೇಕಾಗಿಲ್ಲ. ಆದರೆ ಇಲ್ಲಿಯೇ ಒಂದು ತೊಡಕೂ ಇದೆ. ‘ವೈಫೈಗಾಗಿ ಆ್ಯಪ್ ಹಾಕಿಕೊಳ್ಳಿ ಎನ್ನುವವರನ್ನು ನಂಬಬೇಡಿ’ ಎಂಬ ಸಾಮಾನ್ಯ ಬುದ್ಧಿಮಾತಿಗೆ ಪಿಎಂ-ವಾಣಿ ಅಪವಾದ. ಹೀಗಾಗಿ ಆ್ಯಪನ್ನು ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯಿಂದ ಇಳಿಸಿಕೊಳ್ಳದೆ, ಯೋಜನೆಯ ಸರಕಾರಿ ಜಾಲತಾಣದ ಪಟ್ಟಿಯಲ್ಲಿ ಹೆಸರು ನೋಡಿ, ಮನೆಯಲ್ಲಿದ್ದಾಗಲೇ ಪ್ಲೇ ಸ್ಟೋರಿನಿಂದ ತಂದಿಟ್ಟುಕೊಳ್ಳಬೇಕು.

ವಿಮಾನ ನಿಲ್ದಾಣ

ನಕಲಿ ವೈಫೈ ಇಡುವವನಿಗೆ ವಿಮಾನ ನಿಲ್ದಾಣದಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ: ಬೇಸರದಲ್ಲಿ ಕುಳಿತ ಜನ, ಹಣವುಳ್ಳವರು, ಆ ಊರಿನ ಸಿಮ್ ಇಲ್ಲದವರು. 2024ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲೂ ಹಾರುತ್ತಿದ್ದ ವಿಮಾನಗಳಲ್ಲೂ ನಿಜವಾದ ವೈಫೈಯ ಹೆಸರನ್ನೇ ಹೋಲುವ ಜಾಲ ಹರಡಿದ ಆರೋಪದ ಮೇಲೆ ಒಬ್ಬನನ್ನು ನ್ಯಾಯಾಲಯಕ್ಕೆ ತಂದರು. ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ ಅವನದು. ಅದಕ್ಕೆ ಸೇರಿದವರ ಮುಂದೆ ಇಮೇಲ್ ಅಥವಾ ಸಾಮಾಜಿಕ ಜಾಲತಾಣದ ಖಾತೆಯಿಂದ ಲಾಗಿನ್ ಆಗಿ ಎನ್ನುವ ನಕಲಿ ಪುಟ ತೆರೆಯುತ್ತಿತ್ತು. ಯಾರ ಮಾಹಿತಿಯನ್ನೂ ಅವನು ಗಾಳಿಯಿಂದ ಕದಿಯಬೇಕಾಗಿರಲಿಲ್ಲ, ಜನರೇ ಬರೆದುಕೊಟ್ಟರು. ವಿಮಾನದ ಸಿಬ್ಬಂದಿ ಗುರುತಿಲ್ಲದ ಒಂದು ವೈಫೈಯನ್ನು ಕಂಡು ಅನುಮಾನಿಸಿದ್ದರಿಂದ ವಿಷಯ ಬಯಲಾಯಿತು.

ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಧಿಕೃತ ಹೆಸರು ಫಲಕಗಳಲ್ಲಿ ಬರೆದಿರುತ್ತದೆ. ಭಾರತದ ಸಿಮ್ ಇಲ್ಲದವರಿಗೆ ಓಟಿಪಿ ಬಾರದ ಕಾರಣ, ಪಾಸ್‌ಪೋರ್ಟ್ ತೋರಿಸಿ ಕೋಡ್ ಪಡೆಯುವ ಕಿಯಾಸ್ಕ್ ಅಥವಾ ಮಾಹಿತಿ ಕೌಂಟರ್ ಹಲವೆಡೆ ಇರುತ್ತದೆ. ವಿದೇಶದಿಂದ ಬರುವ ಬಂಧುಗಳಿಗೆ ಇದನ್ನು ಮೊದಲೇ ಹೇಳಿಟ್ಟರೆ ಅವರು ಸಿಕ್ಕಸಿಕ್ಕ ‘ಫ್ರೀ’ ಹೆಸರಿಗೆ ಕೈಹಾಕುವುದು ತಪ್ಪುತ್ತದೆ. ಹೆಸರು ನೋಡಿ ಸೇರಿದರೂ ನಕಲಿಗೆ ಸಿಕ್ಕಿಬೀಳುವ ಸಾಧ್ಯತೆ ಪೂರ್ತಿ ಇಲ್ಲವಾಗುವುದಿಲ್ಲ, ಏಕೆಂದರೆ ವೈಫೈಗೆ ಯಾರು ಯಾವ ಹೆಸರನ್ನಾದರೂ ಇಡಬಹುದು. ಕೊನೆಗೂ ಕಾಯುವುದು ಲಾಗಿನ್ ಪುಟದ ಮುಂದೆ ನಾವು ತೋರುವ ಜಿಪುಣತನವೇ.

ಲಾಡ್ಜ್, ಹೋಂಸ್ಟೇ, ಮತ್ತು ಗೋಡೆಗೆ ಅಂಟಿಸಿದ ಪಾಸ್‌ವರ್ಡ್

ಕನ್ನಡದಲ್ಲಿ ‘ಹೋಟೆಲ್’ ಎಂದರೆ ದೋಸೆ ತಿನ್ನುವ ಜಾಗ ಎಂದೂ ಆಗುವುದರಿಂದ, ರಾತ್ರಿ ತಂಗುವ ಜಾಗವನ್ನು ಇಲ್ಲಿ ಲಾಡ್ಜ್ ಎಂದೇ ಕರೆಯುತ್ತೇನೆ. ತಿಂಡಿಯ ಹೋಟೆಲಿನಲ್ಲಿ ನಾವು ಇಪ್ಪತ್ತು ನಿಮಿಷ ಇರುತ್ತೇವೆ, ಲಾಡ್ಜಿನಲ್ಲಿ ಮೂರು ದಿನ. ಲ್ಯಾಪ್‌ಟಾಪ್ ಬಿಚ್ಚಿ ಕಚೇರಿಯ ಕೆಲಸ ಮಾಡುವುದೂ ಅಲ್ಲೇ. ಈ ಕಾರಣಕ್ಕೆ ಎಲ್ಲ ಆಯ್ಕೆಗಳಲ್ಲಿ ಲಾಡ್ಜಿನ ವೈಫೈಯನ್ನು ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ರೈಲ್ವೆಯ ಜಾಲವನ್ನು ನೋಡಿಕೊಳ್ಳಲು ಒಂದು ಸಂಸ್ಥೆ ಇದೆ. ಲಾಡ್ಜಿನ ರೌಟರನ್ನು ಕೇಬಲಿನವರು ಐದಾರು ವರ್ಷದ ಹಿಂದೆ ಹಾಕಿಹೋದ ಮೇಲೆ ಯಾರೂ ಮುಟ್ಟಿರುವುದಿಲ್ಲ. 2014ರ ನವೆಂಬರಿನಲ್ಲಿ ಸೈಬರ್ ಭದ್ರತೆಯ ಕ್ಯಾಸ್ಪರ್‌ಸ್ಕಿ ಸಂಸ್ಥೆ ‘ಡಾರ್ಕ್‌ಹೋಟೆಲ್’ ಎಂದು ಹೆಸರಿಟ್ಟು ಬಹಿರಂಗಪಡಿಸಿದ ಪ್ರಕರಣದಲ್ಲಿ ಏಷ್ಯಾದ ದುಬಾರಿ ವಸತಿಗೃಹಗಳ ಜಾಲದೊಳಗೇ ಕಳ್ಳರು ಹೊಕ್ಕು ಕುಳಿತಿದ್ದರು. ಆಯ್ದ ಅತಿಥಿಗಳು ಕೋಣೆ ಸಂಖ್ಯೆ, ಹೆಸರು ಕೊಟ್ಟು ವೈಫೈ ಸೇರಿದೊಡನೆ, ಫ್ಲ್ಯಾಶ್‌ನಂಥ ಪರಿಚಿತ ತಂತ್ರಾಂಶದ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಮೂಡುತ್ತಿತ್ತು. ಒಪ್ಪಿದವರ ಕಂಪ್ಯೂಟರಿನಲ್ಲಿ ಗೂಢಚಾರ ತಂತ್ರಾಂಶ ಇಳಿಯುತ್ತಿತ್ತು. ಅಲ್ಲಿ ಗುರಿ ಕಂಪನಿಗಳ ದೊಡ್ಡ ಅಧಿಕಾರಿಗಳಾಗಿದ್ದರು, ನಾವು ನೀವಲ್ಲ. ಆದರೆ ಪಾಠ ಎಲ್ಲರಿಗೂ ಒಂದೇ. ಲಾಡ್ಜಿನಲ್ಲಿದ್ದಾಗ ಬರುವ ಯಾವ ಅಪ್‌ಡೇಟ್ ಸೂಚನೆಗೂ ಒಪ್ಪಿಗೆ ಕೊಡದೆ, ಊರಿಗೆ ಮರಳಿದ ಮೇಲೆ ಫೋನಿನ ಅಥವಾ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಿಂದಲೇ ನೋಡಿಕೊಳ್ಳಬೇಕು.

ಒಮ್ಮೆ ಕರಾವಳಿಯ ಒಂದು ಲಾಡ್ಜಿನಲ್ಲಿ ಫೋನು ತೆರೆದಾಗ ಲಾಡ್ಜಿನ ಹೆಸರಿನದೇ ಎರಡು ವೈಫೈ ಕಂಡವು, ಒಂದಕ್ಕೆ ಪಾಸ್‌ವರ್ಡ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದರೆ ‘ಎರಡೂ ನಮ್ದೇ ಇರ್ಬೇಕು ಸಾರ್, ಯಾವುದಾದ್ರೂ ಹಾಕ್ಕೊಳ್ಳಿ’ ಎಂದ. ಆ ‘ಇರ್ಬೇಕು’ ಕೇಳಿದ ಮೇಲೆ ನಾನು ಎರಡನ್ನೂ ಬಿಟ್ಟು ಸ್ವಂತ ಡೇಟಾದಲ್ಲೇ ಕೆಲಸ ಮುಗಿಸಿದೆ.

ಇನ್ನು ಗೋಡೆಗೆ ಅಂಟಿಸಿದ ಪಾಸ್‌ವರ್ಡಿನ ಮಾತು. ಕೆಫೆಯಲ್ಲಿ, ಹೋಂಸ್ಟೇಯಲ್ಲಿ ಪಾಸ್‌ವರ್ಡ್ ಇದೆ ಎಂಬ ಕಾರಣಕ್ಕೆ ಅದು ನಿಲ್ದಾಣದ ತೆರೆದ ವೈಫೈಗಿಂತ ಭದ್ರ ಎಂದು ಭಾವಿಸುವವರು ಬಹಳ. 2004ರಿಂದ ಬಳಕೆಯಲ್ಲಿರುವ ಡಬ್ಲ್ಯುಪಿಎ-2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ, ಪಾಸ್‌ವರ್ಡ್ ಗೊತ್ತಿರುವವನು ನಿಮ್ಮ ಫೋನು ರೌಟರಿಗೆ ಸೇರುವ ಆ ಕ್ಷಣದ ಮಾತುಕತೆಯನ್ನು ಹಿಡಿದಿಟ್ಟುಕೊಂಡರೆ, ವೈಫೈ ಹಾಕಿದ ಹೊದಿಕೆಯನ್ನು ತೆಗೆದುನೋಡಬಲ್ಲ. ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಇದ್ದೂ ಇಲ್ಲದಂತೆ. ಹೊದಿಕೆಯೊಳಗೆ ಎಚ್‌ಟಿಟಿಪಿಎಸ್‌ನ ಇನ್ನೊಂದು ಹೊದಿಕೆ ಇರುವುದರಿಂದ ಇಂದು ಇದರಿಂದ ದೊಡ್ಡ ಹಾನಿಯಿಲ್ಲ. 2018ರಲ್ಲಿ ಬಂದ ಡಬ್ಲ್ಯುಪಿಎ-3 ಈ ದೋಷವನ್ನು ಸರಿಪಡಿಸಿದೆ. ಅದೇ ವರ್ಷ ಬಂದ ಇನ್ನೊಂದು ಪದ್ಧತಿಯಲ್ಲಿ ಪಾಸ್‌ವರ್ಡ್ ಇಲ್ಲದ ತೆರೆದ ವೈಫೈಗೂ ಗೂಢಲಿಪಿ ಸಿಗುತ್ತದೆ. ಆದರೆ ಇವು ನಿಮ್ಮೂರಿನ ಕೆಫೆಯನ್ನು ತಲುಪಿವೆಯೆಂದು ಲೆಕ್ಕ ಹಾಕಿಕೊಳ್ಳುವುದು ಬೇಡ. ಸೇರಿದ ಮೇಲೆ ಆ ವೈಫೈಯ ವಿವರಗಳಲ್ಲಿ ಭದ್ರತೆಯ ಸಾಲನ್ನು ನೋಡಿದರೆ ಯಾವುದೆಂದು ತಿಳಿಯುತ್ತದೆ.

ವಿಶ್ವವಿದ್ಯಾಲಯಗಳವರಿಗೆ ಇನ್ನೊಂದು ಆಯ್ಕೆ ಇದೆ: ಎಜುರೋಮ್. ಭಾರತದಲ್ಲಿ ಇದನ್ನು ಶಿಕ್ಷಣ-ಸಂಶೋಧನಾ ಜಾಲದ ಸಂಸ್ಥೆಯಾದ ಅರ್ನೆಟ್ ನೋಡಿಕೊಳ್ಳುತ್ತದೆ. ಸದಸ್ಯ ಸಂಸ್ಥೆಯೊಂದರ ವಿದ್ಯಾರ್ಥಿ ಮತ್ತೊಂದು ಸದಸ್ಯ ಸಂಸ್ಥೆಗೆ, ವಿದೇಶದ್ದಾದರೂ ಸರಿ, ಹೋದಾಗ ತನ್ನದೇ ಖಾತೆಯಿಂದ ವೈಫೈ ಪಡೆಯಬಹುದು, ಪ್ರತಿಯೊಬ್ಬರಿಗೂ ಬೇರೆ ಬೇರೆ ಬೀಗ. ಹೊರಗೆ ಸಿಗುವ ವೈಫೈಗಳಲ್ಲಿ ಇದೇ ಶ್ರೇಷ್ಠ, ಒಂದು ಷರತ್ತಿನ ಮೇಲೆ: ಮೊದಲ ಬಾರಿ ಹೊಂದಿಸುವಾಗ ಪ್ರಮಾಣಪತ್ರ ಪರೀಕ್ಷಿಸುವ ಆಯ್ಕೆಯನ್ನು ‘ಬೇಡ’ ಎಂದು ದಾಟಿಹೋಗಬಾರದು. ದಾಟಿದವರ ಫೋನು ಅದೇ ಹೆಸರಿನ ನಕಲಿಗೂ ಖಾತೆಯ ಗುಟ್ಟನ್ನು ಒಪ್ಪಿಸಬಹುದು.

ವಿಪಿಎನ್ ಬೇಕೇ?

ವಿಪಿಎನ್ ಎಂದರೆ ನಮ್ಮ ಸಂಪರ್ಕವನ್ನೆಲ್ಲ ಗೂಢಲಿಪಿಯಲ್ಲಿ ತನ್ನ ಸರ್ವರಿನ ಮೂಲಕ ಸಾಗಿಸುವ ಸೇವೆ. ಹೋಲಿಕೆಯ ಬರಹಗಳಲ್ಲಿ ಹೆಚ್ಚಿನವು ಕೊನೆಗೆ ವಿಪಿಎನ್ ಕೊಳ್ಳಿರೆಂಬ ಸಲಹೆಗೆ ಬಂದು ನಿಲ್ಲುತ್ತವೆ, ಎಷ್ಟೋ ಬಾರಿ ಅವನ್ನು ಬರೆಸಿದವರು ವಿಪಿಎನ್ ಮಾರುವವರೇ ಆಗಿರುತ್ತಾರೆ. ವಿಪಿಎನ್ ಮಾಡುವುದಿಷ್ಟೆ: ವೈಫೈ ನಡೆಸುವವರಿಗೆ ಕಾಣುತ್ತಿದ್ದುದನ್ನು ಅವರಿಂದ ಮರೆಮಾಡಿ, ವಿಪಿಎನ್ ಕಂಪನಿಗೆ ಕಾಣಿಸುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ. ಉಚಿತ ವಿಪಿಎನ್‌ಗಳ ಮಟ್ಟಿಗೆ ಈ ವರ್ಗಾವಣೆ ಹಲವು ಬಾರಿ ನಷ್ಟದ್ದು. ಫೇಸ್‌ಬುಕ್ ನಡೆಸುತ್ತಿದ್ದ ಒನಾವೊ ಎಂಬ ಉಚಿತ ವಿಪಿಎನ್, ಬಳಕೆದಾರರು ಯಾವ ಯಾವ ಆ್ಯಪ್ ಬಳಸುತ್ತಾರೆಂಬುದನ್ನು ಆ ಕಂಪನಿಗೇ ತಿಳಿಸುತ್ತಿತ್ತು. 2018ರಲ್ಲಿ ಆಪಲ್ ಆಕ್ಷೇಪಿಸಿದ ಮೇಲೆ ಅದು ಆ್ಯಪ್ ಸ್ಟೋರಿನಿಂದ ಹೊರಬಿತ್ತು, ಮುಂದಿನ ವರ್ಷ ಮುಚ್ಚಿಯೇ ಹೋಯಿತು. ನಕಲಿ ಲಾಗಿನ್ ಪುಟಕ್ಕೆ ನೀವೇ ಪಾಸ್‌ವರ್ಡ್ ಬರೆದುಕೊಟ್ಟರೆ ಯಾವ ವಿಪಿಎನ್ ಕೂಡ ಕಾಪಾಡದು, ಮೇಲಾಗಿ ಆ ಪುಟ ತೆರೆಯುವುದೇ ವಿಪಿಎನ್ ಚಾಲೂ ಆಗುವ ಮೊದಲು.

ಕಚೇರಿಯವರು ಕೊಟ್ಟ ವಿಪಿಎನ್ ಇದ್ದರೆ ಲಾಡ್ಜಿನಲ್ಲಿ ಅದನ್ನು ತಪ್ಪದೆ ಬಳಸಬೇಕು. ಪತ್ರಕರ್ತರು, ವಕೀಲರು, ಯಾವ ತಾಣಕ್ಕೆ ಹೋದರೆಂಬುದೇ ಸೂಕ್ಷ್ಮವಾಗಿರುವ ಇತರರು ಹಣ ಕೊಟ್ಟು ಕೊಂಡರೆ ಅರ್ಥವಿದೆ. ಅಂಥವರು ಒಂದು ಸಂಗತಿ ತಿಳಿದಿರಬೇಕು: 2022ರ ಏಪ್ರಿಲಿನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಭಾರತದಲ್ಲಿ ಸೇವೆ ಕೊಡುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು, ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥ ಕಂಪನಿಗಳು ತಮ್ಮ ಸರ್ವರುಗಳನ್ನು ಭಾರತದಿಂದ ತೆಗೆದವು. ದುಬೈ, ಅಬುಧಾಬಿಗಳಲ್ಲಿ ದುಡಿಯುತ್ತಿರುವ ಕರಾವಳಿಯ ನಮ್ಮ ಜನರು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿ ವಿಪಿಎನ್ ಇಟ್ಟುಕೊಳ್ಳುವುದೇ ಅಪರಾಧವಲ್ಲ, ಆದರೆ ಇಂಟರ್ನೆಟ್ ವಿಳಾಸ ಮರೆಸಿ ಅಪರಾಧವೆಸಗಿದರೆ ಐದು ಲಕ್ಷ ದಿರ್ಹಮ್‌ನಿಂದ ದಂಡ ಆರಂಭವಾಗುತ್ತದೆ. ಮಾಲ್‌ನ ವೈಫೈಯಿಂದ ಊರಿಗೆ ವಿಡಿಯೊ ಕರೆ ಮಾಡಬೇಕೆಂದು ಸಿಕ್ಕಿದ ವಿಪಿಎನ್ ಹಾಕಿಕೊಳ್ಳುವುದಕ್ಕಿಂತ, ಅಲ್ಲಿ ಅನುಮತಿ ಇರುವ ಕರೆ ಆ್ಯಪನ್ನು ಬಳಸುವುದು ಕ್ಷೇಮ.

ಕೆಲಸದಿಂದ ಹಿಂದಕ್ಕೆ ಯೋಚಿಸಿದರೆ

ಸುದ್ದಿ ಓದುವುದು, ಯಕ್ಷಗಾನ ನೋಡುವುದು, ಸಿನಿಮಾ ಇಳಿಸಿಕೊಳ್ಳುವುದು, ರೈಲು ಎಲ್ಲಿದೆ ಎಂದು ನೋಡುವುದು: ಇವಕ್ಕೆ ಮೇಲಿನ ಯಾವುದಾದರೂ ಆದೀತು. ಸಿಇಟಿ ಫಲಿತಾಂಶ ನೋಡುವುದಕ್ಕೂ ಆದೀತು. ಯುಪಿಐ ವಿಷಯದಲ್ಲಿ ನನ್ನ ಅಭಿಪ್ರಾಯ ರೂಢಿಯ ಸಲಹೆಗಿಂತ ಸ್ವಲ್ಪ ಬೇರೆ. ಯುಪಿಐ ಪಿನ್ ಗೂಢಲಿಪಿಯಲ್ಲೇ ಹೋಗುತ್ತದೆ, ನಿಮ್ಮ ಖಾತೆ ನಿಮ್ಮ ಸಿಮ್‌ಗೆ ಮತ್ತು ಫೋನಿಗೆ ಅಂಟಿಕೊಂಡಿರುತ್ತದೆ; ನಿಲ್ದಾಣದ ವೈಫೈಯಲ್ಲಿ ಯಾರೋ ಅದನ್ನು ಹಾರಿಸಿಕೊಂಡು ಹೋಗುವರೆಂಬ ಭಯ ಅತಿಯಾದದ್ದು. ಆದರೂ ನಾನು ಪಾವತಿಗೆ ಮುನ್ನ ವೈಫೈ ಆಫ್ ಮಾಡುತ್ತೇನೆ, ಏಕೆಂದರೆ ಬಿಟ್ಟುಬಿಟ್ಟು ಬರುವ ಸಂಪರ್ಕದಲ್ಲಿ ಹಣ ಹೋಯಿತೋ ಇಲ್ಲವೋ ತಿಳಿಯದೆ ಅಂಗಡಿಯವರ ಮುಂದೆ ನಿಲ್ಲುವುದು ಯಾರಿಗೂ ಬೇಡ.

ಬ್ರೌಸರಿನಲ್ಲಿ ನೆಟ್‌ಬ್ಯಾಂಕಿಂಗ್ ಬೇರೆ ಮಾತು. ಅಲ್ಲಿ ವಿಳಾಸವನ್ನು ನಾವೇ ಬರೆಯುತ್ತೇವೆ ಅಥವಾ ಹುಡುಕುತ್ತೇವೆ, ತಪ್ಪು ಪುಟಕ್ಕೆ ಹೋಗುವ ದಾರಿಗಳು ಹೆಚ್ಚು. ಅದನ್ನೂ ಆದಾಯ ತೆರಿಗೆ, ಸೇವಾ ಸಿಂಧು, ಆಧಾರ್ ಸಂಬಂಧದ ಕೆಲಸಗಳನ್ನೂ ಸ್ವಂತ ಡೇಟಾಕ್ಕೆ ಮೀಸಲಿಡಬೇಕು. ಅನಿವಾರ್ಯವಾದರೆ ಬ್ಯಾಂಕಿನ ಆ್ಯಪ್ ಬಳಸಬಹುದು. ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬ್ರೌಸರಿನಲ್ಲಿ ಬಂದರೆ ‘ಆದರೂ ಮುಂದುವರಿಸಿ’ ಎಂಬುದನ್ನು ಒತ್ತದೆ ವೈಫೈಯಿಂದ ಹೊರಬರಬೇಕು. ಮನೆಯಲ್ಲಿ ಅದೇ ಎಚ್ಚರಿಕೆಗೆ ಬೇರೆ ಕಾರಣಗಳಿರಬಹುದು, ಹೊರಗಿನ ವೈಫೈಯಲ್ಲಿ ಕಾರಣ ಹುಡುಕುತ್ತಾ ಕೂರಬಾರದು.

ಹೊರಡುವ ಮುನ್ನ ಫೋನಿನಲ್ಲಿ ಮಾಡಿಕೊಳ್ಳಬೇಕಾದ ಬದಲಾವಣೆ ಒಂದೇ ಎಂದರೂ ಸರಿ: ತೆರೆದ ವೈಫೈಗಳಿಗೆ ತಾನಾಗಿ ಸೇರುವುದನ್ನು ನಿಲ್ಲಿಸುವುದು, ಮತ್ತು ಬಳಸಿ ಮುಗಿಸಿದ ಹೆಸರನ್ನು ಪಟ್ಟಿಯಿಂದ ಅಳಿಸುವುದು. ಫೋನು ನೆನಪಿಟ್ಟುಕೊಂಡ ಹೆಸರನ್ನೇ ಬೇರೆಲ್ಲೋ ಯಾರಾದರೂ ಇಟ್ಟರೆ, ಜೇಬಿನಲ್ಲಿದ್ದಂತೆಯೇ ಅದು ಹೋಗಿ ಸೇರಿಕೊಳ್ಳುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಹೊಸ ವೈಫೈಗೆ ಸೇರಿದಾಗ ಅದನ್ನು ಸಾರ್ವಜನಿಕ ಎಂದು ಗುರುತಿಸಿದರೆ ಇತರರಿಗೆ ನಿಮ್ಮ ಕಡತಗಳು ಕಾಣುವುದು ನಿಲ್ಲುತ್ತದೆ. ತಾಣದ ಹೆಸರಿನಿಂದ ಅದರ ಸಂಖ್ಯಾ ವಿಳಾಸ ಹುಡುಕುವ ಕೋರಿಕೆಯನ್ನು ಗೂಢಲಿಪಿಯಲ್ಲಿ ಕಳಿಸುವ, ಆಂಡ್ರಾಯ್ಡ್ 9ರಿಂದ ಬಂದಿರುವ ಖಾಸಗಿ ಡಿಎನ್‌ಎಸ್ ಸೌಲಭ್ಯವನ್ನು ಹಾಕಿಕೊಂಡರೆ ನೀವು ಕೇಳುವ ತಾಣಗಳ ಹೆಸರುಗಳೂ ಸ್ವಲ್ಪ ಮಟ್ಟಿಗೆ ಮರೆಯಾಗುತ್ತವೆ. ಆದರೆ ಅದರಿಂದಾಗಿ ಕೆಲವೆಡೆ ಲಾಗಿನ್ ಪುಟವೇ ತೆರೆಯದು, ಆಗ ಅದನ್ನು ಕ್ಷಣಕಾಲ ತೆಗೆದು ಮತ್ತೆ ಹಾಕಬೇಕಾಗುತ್ತದೆ.

ಬರೆಯಬಾರದ ಪುಟದಲ್ಲಿ ಪಾಸ್‌ವರ್ಡ್ ಬರೆದುಬಿಟ್ಟೆವು ಎಂದು ಅನ್ನಿಸಿದರೆ, ಅದೇ ವೈಫೈಯಲ್ಲಿದ್ದುಕೊಂಡು ಅದನ್ನು ಸರಿಪಡಿಸಲು ಹೋಗಬಾರದು. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಬೇರೆ ಎಲ್ಲ ಸಾಧನಗಳಿಂದ ಹೊರಬರುವ ಆಯ್ಕೆಯನ್ನು ಒತ್ತಬೇಕು; ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೀಲಿ ಇಮೇಲೇ ಆದ್ದರಿಂದ ಅದಕ್ಕೆ ಮೊದಲ ಸರದಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಹಾಯವಾಣಿಗೂ ಕೂಡಲೇ ಕರೆ ಮಾಡಬೇಕು. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಗುಟ್ಟು ಬಿಟ್ಟುಕೊಟ್ಟು ಆದ ನಷ್ಟದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನದು ಗ್ರಾಹಕನ ಪಾಲು, ತಿಳಿಸಿದ ಮೇಲಿನದು ಬ್ಯಾಂಕಿನ ಪಾಲು. ಹೀಗಾಗಿ ಕರೆ ಮಾಡಿದ ಗಂಟೆ, ನಿಮಿಷ, ಅವರು ಕೊಟ್ಟ ದೂರಿನ ಸಂಖ್ಯೆ ಮೂರನ್ನೂ ಅಲ್ಲೇ, ರೈಲಿನ ಟಿಕೆಟ್ಟಿನ ಹಿಂದೆಯಾದರೂ ಸರಿ, ಬರೆದಿಟ್ಟುಕೊಳ್ಳಬೇಕು.